ಹೆಂಡತಿಯ ಡ್ರೋನಿಗೆ ನಾನು ಕಟ್ಟಿದ ಹ್ಯಾಂಗರ್

ಗಾಳಿಗೆ ಹಾರಿಹೋಗದಂತೆ ಕಟ್ಟುವ ವಿದ್ಯೆಯಲ್ಲಿ ನನ್ನನ್ನು ಮೀರಿಸುವವರು ಶ್ರೀರಾಮನಗರದಲ್ಲಿ ಇಲ್ಲವೆಂದು ನಾನು ಬಹುಕಾಲ ನಂಬಿದ್ದೆ. ನೌಕರಿಯ ಆಯುಷ್ಯವನ್ನೆಲ್ಲ ಗೋದಾಮಿನಲ್ಲಿ ಭತ್ತದ ಚೀಲಗಳಿಗೆ ತಾಡಪತ್ರಿ ಹೊದಿಸಿ, ಹಗ್ಗ ಬಿಗಿಯುವುದರಲ್ಲೇ ಕಳೆದವನು ನಾನು. ಹೀಗಾಗಿ ನನ್ನ ಹೆಂಡತಿ ಶರಣಮ್ಮ ತರಬೇತಿ ಮುಗಿಸಿ, ಪೈಲಟ್ ಎಂಬ ಸರ್ಟಿಫಿಕೇಟು ಪಡೆದು, ಗದ್ದೆಗೆ ಔಷಧಿ ಹೊಡೆಯುವ ಡ್ರೋನನ್ನು ಮಹಿಳಾ ಸಂಘದ ಪರವಾಗಿ ಮನೆಗೆ ತಂದಾಗ, ಅದರ ರಕ್ಷಣೆಯ ಹೊಣೆ ಯಾರೂ ಕೇಳದೆಯೇ ನನ್ನ ಹೆಗಲೇರಿತು.

ಮನೆಯೊಳಗೆ ಇಟ್ಟರಾಯಿತು ಎಂದಳು ಅವಳು. ನಾನು ನಕ್ಕೆ. ವಿಮಾನದ ಜಾತಿಗೆ ಸೇರಿದ ವಸ್ತುವನ್ನು ಯಾರಾದರೂ ಜೋಳದ ಚೀಲದ ಪಕ್ಕ ಇಡುತ್ತಾರೆಯೇ? ಅದಕ್ಕೆ ವಿಮಾನ ನಿಲ್ಲಿಸುವಂಥ ಕೊಟ್ಟಿಗೆ, ಹ್ಯಾಂಗರ್ ಬೇಕು! ಹಿತ್ತಲಲ್ಲಿ ನಾಲ್ಕು ಬಿದಿರು ನೆಟ್ಟು, ಮೇಲೆ ತಗಡು ಹಾಕಿ, ತಗಡಿನ ಮೇಲೆ ಕಲ್ಲು ಹೇರಿದೆ. ಸುತ್ತ ಗೋಡೆ ಕಟ್ಟಲಿಲ್ಲ. ಭತ್ತಕ್ಕೆ ಗಾಳಿಯಾಡಬೇಕು, ಆದ್ದರಿಂದ ಡ್ರೋನಿಗೂ ಗಾಳಿಯಾಡಬೇಕು ಎಂಬುದು ನನ್ನ ಶಾಸ್ತ್ರ. ಡ್ರೋನು ತನ್ನ ದೊಡ್ಡ ಪೆಟ್ಟಿಗೆಯಲ್ಲಿ, ತಾಡಪತ್ರಿ ಹೊದ್ದು, ಹ್ಯಾಂಗರ್ ಪ್ರವೇಶ ಮಾಡಿತು.

ಯುಗಾದಿ ಮುಗಿದ ವಾರ. ಮರುದಿನ ನವಲಿ ಊರಿನ ಗದ್ದೆಯಲ್ಲಿ ಶರಣಮ್ಮನ ಮೊದಲ ಕೆಲಸ. ಸಂಘದ ಹೆಂಗಸರೆಲ್ಲ ಅದನ್ನೇ ಕಾಯುತ್ತಿದ್ದರು. ಅಂದು ಮಧ್ಯಾಹ್ನ ನಾಲ್ಕಕ್ಕೆ ಪಡುವಣದಲ್ಲಿ ಕೆಂಪು ಧೂಳು ಎದ್ದಿತು.

“ಡ್ರೋನ್ ಒಳಗ ತರೋಣ್ರಿ. ಗಾಳಿ ಛಲೋ ಕಾಣವಲ್ದು,” ಎಂದಳು ಶರಣಮ್ಮ.

ಹ್ಯಾಂಗರ್ ವಿಷಯದಲ್ಲಿ ಪೈಲಟ್ ತಲೆಹಾಕಬಾರದು ಎಂದು ತಿಳಿಹೇಳಿ, ನಾನು ಪಕ್ಕದ ಮನೆಯ ತೆಲುಗಿನವರಾದ ಸುಬ್ಬಾರಾಯರಲ್ಲಿ ಲಾರಿ ಹಗ್ಗ ಕೇಳಲು ಹೋದೆ. ಅವರು ಹಗ್ಗದ ಜೊತೆ ಮಜ್ಜಿಗೆಯನ್ನೂ ಕೊಟ್ಟಿದ್ದರಿಂದ ಸ್ವಲ್ಪ ತಡವಾಯಿತು. ಬಂದವನೇ ತಾಡಪತ್ರಿಯ ಮೇಲೆ ಹಗ್ಗ ಸುತ್ತಿ, ಪೆಟ್ಟಿಗೆಯನ್ನು ನಾಲ್ಕೂ ಬಿದಿರಿಗೆ ಬಿಗಿದೆ. ಇನ್ನು ವಾಯುದೇವರೇ ಬಂದರೂ ಅಲುಗಾಡದು!

ವಾಯುದೇವರು ಬಂದರು. ಗೋಡೆಯಿಲ್ಲದ ಹ್ಯಾಂಗರಿನೊಳಗೆ ನುಗ್ಗಿ, ತಗಡಿಗೆ ಕೆಳಗಿನಿಂದ ಒಂದು ಗುದ್ದು ಕೊಟ್ಟರು. ಕಲ್ಲುಗಳು ಕೆಳಗೆ ಬಿದ್ದವು. ತಗಡು ಮೇಲೆ ಹೋಯಿತು. ಬಿದಿರುಗಳು ಬುಡಸಹಿತ ಕಿತ್ತುಬಂದು, ನನ್ನದೇ ಗಂಟುಗಳಿಂದ ಪೆಟ್ಟಿಗೆಯನ್ನು ಎಳೆದುಕೊಂಡು ಬೇಲಿಯ ಕಡೆ ಹೊರಟವು! ಎಷ್ಟು ಬಿಚ್ಚಿದರೂ ಗಂಟು ಬಿಚ್ಚಲಿಲ್ಲ. ಅಷ್ಟು ಒಳ್ಳೆಯ ಗಂಟು.

ಬೇರೆ ದಾರಿ ಕಾಣದೆ ಪೆಟ್ಟಿಗೆಯ ಮೇಲೆ ಹತ್ತಿ ಕುಳಿತೆ. ಮಳೆಯೊಡನೆ ಆನೆಕಲ್ಲು ಬಿದ್ದವು. ತಲೆಗೆ ಕೈ ಅಡ್ಡ ಹಿಡಿದರೆ ಕೈಗೆ ಬಡಿಯುತ್ತಿದ್ದವು, ತೆಗೆದರೆ ತಲೆಗೆ. ಐವತ್ತು ದಾಟಿದ ಮೇಲೆ ಹುಡುಗಿಯರ ನಡುವೆ ಕೂತು, ಪಾಠ ಬಾಯಿಪಾಠ ಮಾಡಿ ಪಾಸಾದ ಶರಣಮ್ಮ ನೆನಪಾದಳು. ಅವಳ ಡ್ರೋನು ನನ್ನಿಂದ ಹಾಳಾದರೆ ಹೇಗೆ ಮುಖ ತೋರಿಸಲಿ? ನಿಜವಾಗಿಯೂ ಕಣ್ಣಲ್ಲಿ ನೀರು ಬಂತು. ಕನಕಾಚಲಪತಿಗೆ ಐದು ಕಾಯಿ ಹರಕೆ ಹೊತ್ತೆ. ಇನ್ನೊಂದು ಆನೆಕಲ್ಲು ಬಿದ್ದ ಮೇಲೆ ಹನ್ನೊಂದಕ್ಕೆ ಏರಿಸಿದೆ.

ಅರ್ಧ ಗಂಟೆಗೆ ಗಾಳಿ ತಣ್ಣಗಾಯಿತು. ಹಿತ್ತಲ ಬಾಗಿಲು ತೆರೆದು ಶರಣಮ್ಮ ಇಣುಕಿದಳು.

“ಅಲ್ರಿ, ಸುಬ್ಬಾರಾಯರ ಮನ್ಯಾಗ ಅದೀರಿ ಅಂತ ತಿಳ್ಕೊಂಡಿದ್ನಿ. ಅಲ್ಲೇನ್ ಮಾಡಾಕತ್ತೀರಿ?”

“ನಿನ್ನ ಡ್ರೋನ್ ಉಳಸಾಕತ್ತೀನಿ,” ಎಂದೆ, ಹಲ್ಲು ಕಟಕಟಿಸುತ್ತ.

ಅವಳು ನನ್ನನ್ನೊಮ್ಮೆ, ಪೆಟ್ಟಿಗೆಯನ್ನೊಮ್ಮೆ ನೋಡಿದಳು. “ಡ್ರೋನ್ ಮಂಚದ ಕೆಳಗ ಐತಿ. ನೀವು ಹಗ್ಗ ತರಾಕ ಹೋದಾಗ ಒಳಗ ಒಯ್ದಿಟ್ಟೀನಿ. ಅದು ಖಾಲಿ ಪೆಟ್ಟಿಗಿರಿ.”

ಅಷ್ಟರಲ್ಲಿ ಬೇಲಿಯಾಚೆ ಸುಬ್ಬಾರಾಯರು ಕಾಣಿಸಿಕೊಂಡು, ಬಹಳ ಮರ್ಯಾದೆಯಿಂದ, “ನಿಮ್ಮ ಹ್ಯಾಂಗರ್ ನಮ್ಮ ಗದ್ದೆಯಲ್ಲಿ ಲ್ಯಾಂಡ್ ಆಗಿದೆ ಅಂಡಿ,” ಎಂದು ತಿಳಿಸಿದರು. ಶರಣಮ್ಮ ಬಾಗಿಲಿಗೆ ಒರಗಿ, ಹೊಟ್ಟೆ ಹಿಡಿದುಕೊಂಡು ನಕ್ಕಳು. ಡ್ರೋನು ಉಳಿದ ಸಂತೋಷಕ್ಕೆ ನಾನೂ ನಕ್ಕುಬಿಟ್ಟೆ.

ಮರುದಿನ ನವಲಿಯಲ್ಲಿ ಎಲೆ ಆರಿದ ಮೇಲೆ ಡ್ರೋನು ಪೆಟ್ಟಿಗೆಯಿಂದ ಹೊರಬಂದು ಮೇಲೆದ್ದಿತು. ಶರಣಮ್ಮ ಅದನ್ನು ಭತ್ತದ ಮೇಲೆ ನೇರ ಸಾಲಿನಲ್ಲಿ ಓಡಿಸುತ್ತಿದ್ದರೆ ಊರೇ ಬದುವಿನ ಮೇಲೆ ನಿಂತು ನೋಡಿತು. ನನಗೆ ಹೆಮ್ಮೆಯೂ ಬಂತು, ಸೀನೂ ಬಂತು. ಗದ್ದೆಯ ಯಜಮಾನರು ನನ್ನ ಕಡೆ ತಿರುಗಿ, ಸಾಹೇಬರದು ಏನು ಕೆಲಸ ಎಂದು ವಿಚಾರಿಸಿದರು.

ಶರಣಮ್ಮ ಡ್ರೋನಿನಿಂದ ಕಣ್ಣು ಕೀಳದೆ ಉತ್ತರಿಸಿದಳು: “ಅವರು ಪೆಟ್ಟಿಗಿ ಕಾಯ್ತಾರ್ರಿ.”

ಅದು ಸುಳ್ಳೇನಲ್ಲ. ಆ ಹೊತ್ತಿಗೂ ನಾನು ಪೆಟ್ಟಿಗೆಯ ಮೇಲೇ ಕುಳಿತಿದ್ದೆ.