ಮಡಚುವ ಕುರ್ಚಿಯ ವಿಮಾನಯಾನ

"ವಿಮಾನ ಆದ್ರೇನು, ಬಸ್ ಆದ್ರೇನು? ಇಳಿಯೋದು, ಹತ್ತೋದು, ಅಷ್ಟೇ! ಈ ಪ್ರಯಾಣದಲ್ಲಿ ನಾವು ಒಂದೇ ಒಂದು ನಿಮಿಷನೂ ಸುಮ್ಮನೆ ಕಾಯಲ್ಲ. ಬರೆದಿಟ್ಕೋ!"

ಊಟದ ಮೇಜು ಗುದ್ದಿ ಹೀಗೆ ಶಪಥ ಮಾಡಿದವರು ಕನೆಕ್ಷನ್ ಸಾಹೇಬರು. ಗುದ್ದಿದ ರಭಸಕ್ಕೆ ಉಪ್ಪಿನ ಡಬ್ಬಿ ಮಗುಚಿತು. ಸಾಹೇಬರು ಅದನ್ನು ಗಮನಿಸಲಿಲ್ಲ. ಮಹಾಕಾರ್ಯಕ್ಕೆ ಹೊರಟವರು ಉಪ್ಪಿನ ಡಬ್ಬಿಯನ್ನೆಲ್ಲ ಗಮನಿಸುತ್ತಾರೆಯೇ?

ಬಸ್ ಡಿಪೋದಲ್ಲಿ ವೇಳಾಪಟ್ಟಿ ತಯಾರಿಸುವುದು ಅವರ ಉದ್ಯೋಗ. ಯಾವ ಬಸ್ಸು ಬಂದು ನಿಂತೊಡನೆ ಯಾವ ಬಸ್ಸು ಹೊರಡಬೇಕು ಎಂಬುದನ್ನು ಅವರ ಪೆನ್ಸಿಲ್ಲೇ ತೀರ್ಮಾನಿಸುವುದು. ಅದರಿಂದಲೇ ಡಿಪೋದವರು ಅವರಿಗೆ ಈ ಹೆಸರಿಟ್ಟಿದ್ದರು. ಇಳಿದ ಪ್ರಯಾಣಿಕ ಮುಖ ತೊಳೆದು ಬರುವುದರೊಳಗೆ ಅವನ ಗಂಟುಮೂಟೆ ಒಂದು ಬಸ್ಸಿನ ಟಾಪಿನಿಂದ ಇಳಿದು ಮುಂದಿನ ಬಸ್ಸಿನ ಟಾಪು ಸೇರಿರಬೇಕು ಎಂಬ ನಿಯಮವನ್ನು ತಂದವರೂ ಅವರೇ. ಆ ನಿಯಮದ ಮೇಲೆ ಅವರಿಗೆ ಹೆತ್ತ ಮಗುವಿನಷ್ಟು ಮಮತೆ.

ಈಗ ಅತ್ತೆಯವರಿಗೆ ಕಣ್ಣಿನ ಆಪರೇಷನ್. ಅತ್ತೆ ಇರುವುದು ದೂರದ ದೇಶದಲ್ಲಿ, ಕಿರಿಯ ಮಗಳ ಮನೆಯಲ್ಲಿ. ಒಂದು ಕಣ್ಣು ಎಂದೋ ಮಂಜಾಗಿತ್ತು, ಇನ್ನೊಂದಕ್ಕೆ ಈ ಚಿಕಿತ್ಸೆ. "ಪಟ್ಟಿ ಬಿಚ್ಚಿದಾಗ ಮೊದಲು ನನ್ನ ದೊಡ್ಡ ಮಗಳ ಮುಖ ನೋಡ್ಬೇಕು. ಇಲ್ಲಾಂದ್ರೆ ಕಣ್ಣೇ ಬಿಡಲ್ಲ" ಎಂದು ಅತ್ತೆ ಹಟ ಹಿಡಿದಿದ್ದರು. ಆ ದೊಡ್ಡ ಮಗಳೇ ಸಾಹೇಬರ ಹೆಂಡತಿ. ತಾಯಿಯನ್ನು ನೋಡಿ ವರ್ಷಗಳೇ ಆಗಿದ್ದವು. ಆ ದಿನ ತಪ್ಪಿದರೆ ಈ ಜನ್ಮದಲ್ಲಿ ಸಮಾಧಾನವಿಲ್ಲ ಎಂದು ಆಕೆ ಕಣ್ಣೊರೆಸಿಕೊಂಡಿದ್ದಳು.

ಟಿಕೆಟ್ ಏಜೆಂಟು ಕೊಟ್ಟ ಪ್ರಯಾಣದಲ್ಲಿ ನಡುವಿನ ಊರಿನಲ್ಲಿ ಅರ್ಧ ದಿನ ಕಾಯಬೇಕಿತ್ತು. ಸಾಹೇಬರಿಗೆ ಅದು ಸ್ವಂತ ಪೆನ್ಸಿಲ್ಲಿಗೇ ಆದ ಅವಮಾನ! ಒಂದು ಕಂಪನಿಯ ವಿಮಾನಕ್ಕೆ ಇನ್ನೊಂದು ಕಂಪನಿಯ ವಿಮಾನ ಜೋಡಿಸಿ, ಬೇರೆ ಬೇರೆ ಟಿಕೆಟ್ ಮಾಡಿಸಿ, ಕಾಯುವ ಹೊತ್ತನ್ನು ಕತ್ತರಿಸಿ ಎಸೆದರು.

"ಆ ನಡುವಿನ ದೇಶದ ವೀಸಾ ಬೇಕಾ ಅಂತ ಕೇಳಿದ್ರಾ?" ಎಂದಳು ಹೆಂಡತಿ. ಆಕೆ ಔಷಧಿ ಅಂಗಡಿಯವಳು. ಶೀಶೆಯ ಮೇಲಿನ ಇರುವೆಗಾತ್ರದ ಅಕ್ಷರವನ್ನೂ ಓದದೆ ಬಿಡುವವಳಲ್ಲ.

"ಬಸ್ ಸ್ಟ್ಯಾಂಡಲ್ಲಿ ಇಳಿದು ಇನ್ನೊಂದು ಬಸ್ ಹತ್ತೋಕೆ ಆ ಊರಿನ ಅಪ್ಪಣೆ ಕೇಳ್ತಾರೇನೇ? ಬೆಂಚಿನ ಮೇಲೆ ಕೂರೋಕೆ ವೀಸಾನಾ?"

ಆಕೆ ಎರಡೂ ಕಂಪನಿಗಳಿಗೆ ಫೋನು ಹಚ್ಚಿ, ಕೇಳಬೇಕಾದ್ದನ್ನೆಲ್ಲ ಕೇಳಿ ಬಂದಳು.

"ಕೇಳಿಸ್ಕೊಳ್ಳಿ. ಮುಂದಿನ ವಿಮಾನದ ಬೋರ್ಡಿಂಗ್ ಪಾಸು ಮೊದಲೇ ಕೈಲಿರ್ಬೇಕು. ವಿಮಾನದ ಹೊಟ್ಟೆಗೆ ಒಂದು ಸಾಮಾನೂ ಹಾಕ್ಬಾರ್ದು, ಎಲ್ಲ ಕೈಚೀಲದಲ್ಲೇ. ಹಾಗಿದ್ರೆ ಒಳಗಿಂದೊಳಗೇ ದಾಟಬಹುದು, ವೀಸಾ ಬೇಡ. ಸಾಮಾನು ಹಾಕಿದ್ರೆ ಅದನ್ನ ತಗೊಳ್ಳೋಕೆ ಆ ದೇಶದೊಳಕ್ಕೇ ಹೋಗ್ಬೇಕು. ಆಗ ವೀಸಾ ಇಲ್ದೆ ನಡೆಯಲ್ಲ."

"ಅಷ್ಟೇ ತಾನೆ? ಎಲ್ಲ ಕೈಯಲ್ಲೇ!" ಎಂದರು ಸಾಹೇಬರು ಧಾರಾಳವಾಗಿ.

ಹೊರಡುವ ದಿನ ಹೆಂಡತಿ ಪುಟ್ಟ ಚೀಲ ಹಿಡಿದು ಬಾಗಿಲಿಗೆ ಬಂದರೆ, ಸಾಹೇಬರ ಹೆಗಲ ಮೇಲೆ ಒಂದು ಕುರ್ಚಿ! ಮಡಚುವ ಕುರ್ಚಿ. ಗುಜರಿಗೆ ಹೋದ ಬಸ್ಸಿನ ಸೀಟು ಬಿಚ್ಚಿ, ಡಿಪೋದ ವೆಲ್ಡರನ ತಲೆ ತಿಂದು, ರಜೆ ದಿನಗಳನ್ನೆಲ್ಲ ಸುರಿದು ಸಾಹೇಬರು ಖುದ್ದು ಮಾಡಿಸಿದ್ದು.

"ಇದೇನ್ರೀ?"

"ಆಪರೇಷನ್ ಆದ ಮೇಲೆ ತಲೆ ಎತ್ತರದಲ್ಲಿಟ್ಟು ಒರಗಿರ್ಬೇಕಂತೆ. ನಿಮ್ಮಮ್ಮ ನನ್ನ ಬಗ್ಗೆ ಏನಂತಾರೆ? 'ಊರವರ ಬಸ್ಸೆಲ್ಲ ಹೊತ್ತಿಗೆ ಸರಿಯಾಗಿ ಹೊರಡಿಸ್ತಾನೆ, ತಾನು ಮಾತ್ರ ಎಲ್ಲಿಗೂ ಹೊತ್ತಿಗೆ ಬರಲ್ಲ' ಅಂತ. ಈ ಸಲ ಹೊತ್ತಿಗೂ ಬರ್ತೀನಿ, ಸಿಂಹಾಸನನೂ ತರ್ತೀನಿ!"

"ಇದು ಕೈಚೀಲನಾ?"

"ಮಡಚಿದ್ರೆ ಛತ್ರಿ ಇದ್ದ ಹಾಗೆ! ತಗೋ, ಬೀಗದ ಕೈ ನಿನ್ನ ಚೀಲದಲ್ಲೇ ಇರ್ಲಿ. ನನ್ನ ತಲೆ ಪೂರ್ತಿ ಕನೆಕ್ಷನ್ ಮೇಲಿರ್ಬೇಕು."

ಛತ್ರಿ ಇದ್ದ ಹಾಗಿದ್ದ ಆ ವಸ್ತು ವಿಮಾನ ನಿಲ್ದಾಣದಲ್ಲಿ ಇಬ್ಬರ ಮೊಣಕಾಲಿಗೂ ಒಬ್ಬರ ಬೆನ್ನಿಗೂ ತಾಗಿ ಹೇಗೋ ಗೇಟಿನವರೆಗೆ ತಲುಪಿತು. ಹೆಂಡತಿ ಮುಂದೆ ಹೋಗಿ ಸೀಟು ಹಿಡಿದಿದ್ದಳು. ಬಾಗಿಲಲ್ಲಿ ನಿಂತಿದ್ದ ಹುಡುಗಿ ಸಾಹೇಬರನ್ನು ತಡೆದಳು.

"ಸರ್, ಇದು ಮೇಲಿನ ಗೂಡಲ್ಲಿ ಹಿಡಿಸಲ್ಲ. ಕೆಳಗೆ ಹಾಕಿಸ್ತೀವಿ. ಇಳಿದ ಮೇಲೆ ಸಾಮಾನಿನ ಬೆಲ್ಟ್ ಹತ್ತಿರ ತಗೊಳ್ಳಿ."

"ಧಾರಾಳವಾಗಿ ಹಾಕಿಸಮ್ಮ! ಅಲ್ಲಿ ನಿಮ್ಮ ಲೋಡರು ಮುಂದಿನ ವಿಮಾನಕ್ಕೆ ಹಾಕ್ತಾನಲ್ಲ" ಎಂದು ಸಾಹೇಬರು ನಕ್ಕರು. ಅವರ ಡಿಪೋದಲ್ಲಿ ಹಾಗೇ ಆಗುತ್ತಿತ್ತು. ಹುಡುಗಿಗೆ ಅವರ ಹಿಂದಿನ ಸಾಲಿನ ಗದ್ದಲದಲ್ಲಿ ಅರ್ಧವೂ ಕೇಳಿಸಲಿಲ್ಲ.

ಕೈಬೀಸಿಕೊಂಡು ಬಂದು ಕುಳಿತ ಗಂಡನನ್ನು ಹೆಂಡತಿ ಅಡಿಯಿಂದ ಮುಡಿಯವರೆಗೆ ನೋಡಿದಳು.

"ಕುರ್ಚಿ ಎಲ್ಲಿ?"

"ಟಾಪ್ ಮೇಲೆ!"

"ವಿಮಾನಕ್ಕೆ ಟಾಪಾ? ಆ ಚೀಟಿ ಕೊಡಿ ಇಲ್ಲಿ." ಕುರ್ಚಿಗೆಂದು ಕೊಟ್ಟ ಚೀಟಿಯನ್ನು ಕಿತ್ತುಕೊಂಡು ಓದಿದಳು. "ಇದರಲ್ಲಿ ನಡುವಿನ ಊರಿನ ಹೆಸರು ಮಾತ್ರ ಇದೆ. ನಿಮ್ಮ ಕುರ್ಚಿ ಅಲ್ಲೇ ಇಳ್ಕೊಳ್ಳುತ್ತೆ."

ಆಮೇಲೆ ಆಕೆ ಕಣ್ಣು ಮುಚ್ಚಿದವಳು ಚಕ್ರ ನೆಲ ಮುಟ್ಟುವವರೆಗೆ ತೆರೆಯಲಿಲ್ಲ.

ನಡುವಿನ ಊರಿನ ನಿಲ್ದಾಣದಲ್ಲಿ ದಾರಿ ಎರಡಾಗಿ ಒಡೆಯಿತು. ಎಡಕ್ಕೆ ಮುಂದಿನ ವಿಮಾನಗಳು. ಬಲಕ್ಕೆ ತಪಾಸಣೆಯ ಗೂಡುಗಳು, ಅವುಗಳ ಆಚೆ ಗಾಜಿನ ಗೋಡೆ. ಆ ಗಾಜಿನ ಆಚೆ, ತಿರುಗುವ ಬೆಲ್ಟಿನ ಮೇಲೆ, ಸಾಹೇಬರ ಕುರ್ಚಿ ಒಂಟಿಯಾಗಿ ಪ್ರದಕ್ಷಿಣೆ ಹಾಕುತ್ತಿತ್ತು!

"ಬಿಟ್ಬಿಡಿ ಅದನ್ನ" ಎಂದಳು ಹೆಂಡತಿ.

"ಬಿಡೋದಾ! ಕೂಗಳತೆಯಲ್ಲಿದೆ ಕಣೇ. ಹೋದೆ, ಬಂದೆ!"

ಗೂಡಿನಲ್ಲಿದ್ದ ಅಧಿಕಾರಿ ಪಾಸ್‌ಪೋರ್ಟನ್ನು ತಿರುವಿ ಹಾಕಿ ಕೇಳಿದ, "ವೀಸಾ?"

"ನಾನು ನಿಮ್ಮ ದೇಶಕ್ಕೆ ಬರ್ತಿಲ್ಲ ಸ್ವಾಮಿ. ಕುರ್ಚಿ ಹತ್ತಿರಕ್ಕೆ ಬರ್ತಿದ್ದೀನಿ."

"ಕುರ್ಚಿ ನಮ್ಮ ದೇಶದೊಳಗಿದೆ."

"ಹಾಗಾದ್ರೆ ಕುರ್ಚಿಗೆ ವೀಸಾ ಕೊಟ್ಟೋರ್ಯಾರು?"

ಅಧಿಕಾರಿ ನಗಲಿಲ್ಲ. ಆ ಕೆಲಸಕ್ಕೆ ಆರಿಸುವಾಗ ನಗು ಬಾರದವರನ್ನೇ ಹುಡುಕುತ್ತಾರೋ ಏನೋ! ಆತ ಮೇಲಧಿಕಾರಿಯನ್ನು ಕರೆದ. ಸಾಹೇಬರು ಜೇಬಿನಿಂದ ಪೆನ್ಸಿಲ್ ತೆಗೆದು, ತಮ್ಮ ಡಿಪೋದಲ್ಲಿ ಗಂಟುಮೂಟೆ ಟಾಪಿನಿಂದ ಟಾಪಿಗೆ ಹೋಗುವ ಬಗೆಯನ್ನು ಚಿತ್ರ ಬರೆದು ವಿವರಿಸತೊಡಗಿದರು. ಮೇಲಧಿಕಾರಿ ಬಹಳ ಮರ್ಯಾದಸ್ಥ. ಪೂರ್ತಿ ಕೇಳಿಸಿಕೊಂಡು, ಚಿತ್ರವನ್ನು ಮೆಚ್ಚಿ, "ವೀಸಾ?" ಎಂದ.

ಅಷ್ಟರಲ್ಲಿ ಮುಂದಿನ ವಿಮಾನದ ಕೊನೆಯ ಕರೆ ಕೇಳಿಸಿತು. ಹೆಂಡತಿ ಬಂದು ಗಂಡನ ತೋಳು ಹಿಡಿದಳು.

"ರೀ, ಅಮ್ಮನ ಕಣ್ಣು ಮುಖ್ಯನೋ, ನಿಮ್ಮ ಕುರ್ಚಿ ಮುಖ್ಯನೋ? ಬರ್ತೀರೋ ಇಲ್ವೋ?"

"ನೀನು ನಡಿ, ನಿನ್ನ ಹಿಂದೇ ಬಂದೆ! ಇವರು ಒಪ್ಪೋ ಹಾಗಿದ್ದಾರೆ."

ಆಕೆ ಒಂದು ಕ್ಷಣ ಗಂಡನನ್ನು, ಒಂದು ಕ್ಷಣ ಪ್ರದಕ್ಷಿಣೆಯ ಕುರ್ಚಿಯನ್ನು ನೋಡಿದಳು. ಚೀಲ ಹೆಗಲಿಗೇರಿಸಿ ಹೊರಟೇಬಿಟ್ಟಳು. ಒಪ್ಪುವ ಹಾಗಿದ್ದವರು ಒಪ್ಪಲಿಲ್ಲ. ಸಾಹೇಬರು ಏದುಸಿರು ಬಿಡುತ್ತ ಗೇಟಿಗೆ ಓಡಿದಾಗ ಬಾಗಿಲು ಹಾಕಿಯಾಗಿತ್ತು. ಗಾಜಿನಾಚೆ ವಿಮಾನ ಮೆಲ್ಲಗೆ ಹಿಂದಕ್ಕೆ ಸರಿಯುತ್ತಿತ್ತು. ಸಾಹೇಬರು ಆಕೆಯಾದರೂ ಹತ್ತಿದಳಲ್ಲ ಎಂದು ದೇವರಿಗೆ ಕೈಮುಗಿದರು.

ಇನ್ನು ಅವರ ಕೈಯಲ್ಲಿ ಮುಂದಿನ ಟಿಕೆಟಿಲ್ಲ, ಈ ದೇಶದ ವೀಸಾ ಇಲ್ಲ. ಇರುವಂತಿಲ್ಲ, ಹೋಗುವಂತಿಲ್ಲ. ಮೇಲಧಿಕಾರಿಯೇ ದಾರಿ ತೋರಿಸಿದ.

"ನಿಮ್ಮನ್ನ ತಂದ ವಿಮಾನ ಈಗಲೇ ವಾಪಸ್ ಹೊರಡ್ತಿದೆ. ಅದರಲ್ಲೇ ಕಳಿಸ್ತೀವಿ. ಓಡಿ!"

ಸಾಹೇಬರು ಓಡಿದರು. ಇಳಿದ ವಿಮಾನವನ್ನೇ ಹತ್ತಿದರು. ಒಂದೇ ಒಂದು ನಿಮಿಷವೂ ಕಾಯಲಿಲ್ಲ! ಅವರ ಇಡೀ ಸೇವಾವಧಿಯಲ್ಲಿ ಇಷ್ಟು ಬಿಗಿಯಾದ ಕನೆಕ್ಷನ್ ಕಂಡಿರಲಿಲ್ಲ. "ಮತ್ತೆ ಸ್ವಾಗತ ಸರ್" ಎಂದಳು ಬರುವಾಗಿದ್ದ ಗಗನಸಖಿಯೇ, ಬಾಯಿಗೆ ಕೈ ಅಡ್ಡ ಹಿಡಿದು. ಹೊರಡುವ ಮುನ್ನ ಕಿಟಕಿಯಿಂದ ಬಗ್ಗಿ ನೋಡಿದರೆ ಲೋಡರೊಬ್ಬ ಕುರ್ಚಿಯನ್ನು ಎತ್ತಿ ಅದೇ ವಿಮಾನದ ಹೊಟ್ಟೆಗೆ ತಳ್ಳುತ್ತಿದ್ದ.

"ನೋಡಿದ್ಯಾ? ಹಾಕ್ತಾರೆ ಅಂತ ನಾನು ಹೇಳಿರ್ಲಿಲ್ವಾ!" ಎಂದು ಸಾಹೇಬರು ಪಕ್ಕಕ್ಕೆ ತಿರುಗಿದರು. ಪಕ್ಕದ ಸೀಟು ಖಾಲಿಯಿತ್ತು.

ಮರುದಿನ ಬೆಳಿಗ್ಗೆ ಕುರ್ಚಿ ಹೊತ್ತು ಮೆಟ್ಟಿಲೇರಿ ಮನೆ ಮುಂದೆ ನಿಂತು ಜೇಬಿಗೆ ಕೈ ಹಾಕಿದರು. ಬಲ ಜೇಬು, ಎಡ ಜೇಬು, ಒಳ ಜೇಬು. ಆಮೇಲೆ ನೆನಪಾಯಿತು. ಬೀಗದ ಕೈ ಸಮುದ್ರ ದಾಟಿ, ಎಲ್ಲೂ ಕನೆಕ್ಷನ್ ತಪ್ಪಿಸಿಕೊಳ್ಳದೆ, ಸುಖವಾಗಿ ಅತ್ತೆಯ ಊರು ಸೇರಿತ್ತು!

ಬೇರೆ ದಾರಿ ಕಾಣದೆ ಬಾಗಿಲ ಮುಂದೆಯೇ ಕುರ್ಚಿ ಬಿಡಿಸಿ ಒರಗಿದರು. ಆಹಾ, ಎಂಥ ಕುರ್ಚಿ! ತಲೆ ಎತ್ತರದಲ್ಲಿ, ಬೆನ್ನು ಹದವಾಗಿ. ತಾವು ಮಾಡಿಸಿದ್ದು ವ್ಯರ್ಥವಾಗಲಿಲ್ಲ ಎಂದು ಅಲ್ಲೂ ಬೀಗಿದರು. ಕೆಳಗಿನ ಮನೆಯವರು ಹತ್ತಿ ಇಳಿದು ನೋಡುತ್ತಿದ್ದರೆ, ಗಾಳಿಗೆ ಕುಳಿತವರಂತೆ ಅತ್ತಿತ್ತ ನೋಡಿದರು.

ಫೋನು ಗುಣುಗುಟ್ಟಿತು. ವಿಡಿಯೋ ಕರೆ. ಹೆಂಡತಿಯ ಮುಖ ಅಳುತ್ತಲೂ ನಗುತ್ತಲೂ ಇತ್ತು.

"ರೀ, ಸರಿಯಾದ ಹೊತ್ತಿಗೆ ಬಂದೆ ಕಣ್ರೀ! ಪಟ್ಟಿ ಬಿಚ್ಚಿದ್ರು. ಅಮ್ಮ ನನ್ನೇ ಮೊದಲು ನೋಡಿದ್ಲು."

ಸಾಹೇಬರು ಆ ಗಳಿಗೆಯಲ್ಲಿ ಕುರ್ಚಿ, ಕನೆಕ್ಷನ್, ಶಪಥ ಎಲ್ಲ ಮರೆತರು. ಅಷ್ಟರಲ್ಲಿ ಅತ್ತೆ ಫೋನು ಕಿತ್ತುಕೊಂಡರು. ಹೊಸ ಕಣ್ಣನ್ನು ಕಿರಿದು ಮಾಡಿ ತೆರೆಯೊಳಗೆ ಇಣುಕಿದರು.

"ಅಳಿಯಂದ್ರೇ, ನೀವು ಕಾಣ್ತಿದ್ದೀರಿ."

"ಚೆನ್ನಾಗಿ ಕಾಣುತ್ತಾ ಅತ್ತೆ?"

"ತುಂಬಾ ಚೆನ್ನಾಗಿ! ಕುರ್ಚಿ ಕಾಣ್ತಿದೆ. ನಿಮ್ಮ ಹಿಂದೆ ಬಾಗಿಲು ಕಾಣ್ತಿದೆ. ಬಾಗಿಲಿಗೆ ಹಾಕಿರೋ ಬೀಗನೂ ಕಾಣ್ತಿದೆ" ಎಂದು ಅತ್ತೆ ಇನ್ನಷ್ಟು ಹತ್ತಿರಕ್ಕೆ ಬಂದು ಕೇಳಿದರು, "ಯಾಕಪ್ಪಾ, ಸ್ವಂತ ಮನೆಯೊಳಕ್ಕೆ ಹೋಗೋಕೂ ವೀಸಾ ಸಿಗಲಿಲ್ವಾ?"