ಗಾಯಾಳುವೇ ಆಂಬುಲೆನ್ಸನ್ನು ಎಳೆದ ಬಗ್ಗೆ

ಜೀಪ್ ಕೆಸರು ರೇಸ್ ಸಮಿತಿಯ ಮಾನ್ಯ ಕಾರ್ಯದರ್ಶಿಗಳೇ,

ತಮ್ಮ ಬಿಳಿ ಬೂಟಿಗೆ ಯಾವತ್ತೂ ಕೆಸರು ಅಂಟದಿರಲಿ ಎಂದು ಹಾರೈಸುತ್ತಾ, ನಾಲ್ಕನೇ ಕ್ಲಾಸಿಗೇ ಶಾಲೆಗೆ ದೊಡ್ಡ ನಮಸ್ಕಾರ ಹಾಕಿ ನಲವತ್ತಾರು ವರ್ಷದಿಂದ ಹೊಲಿಗೆ ಮಷಿನ್ ತುಳಿಯುತ್ತಿರುವ ಮುದುಕಿಯೊಬ್ಬಳು ತಮಗೂ ಅಂಥದೇ ಒಂದು ನಮಸ್ಕಾರ ಹಾಕುತ್ತಿದ್ದಾಳೆ. ದೊಡ್ಡವರಿಗೆ ಬರೆಯುವಾಗ ಅಕ್ಷರ ತಪ್ಪಬಾರದೆಂದು ಈ ಕಾಗದವನ್ನು ಎರಡು ಸಲ ಹರಿದು ಬರೆದೆ. ಮೂರನೇ ಸಲಕ್ಕೆ ಸಿಟ್ಟು ನೆತ್ತಿಗೇರಿತು, ಹಾಗಾಗಿ ಇದ್ದದ್ದು ಇದ್ದ ಹಾಗೆ ಓದಿಕೊಳ್ಳಬೇಕು.

ತಾವು ಕಳಿಸಿದ ಕಪ್ ತಲುಪಿತು. ಅದರ ಹೊಟ್ಟೆಯ ಮೇಲೆ ‘ಅತ್ಯುತ್ತಮ ರಕ್ಷಣಾ ಕಾರ್ಯ’ ಎಂದು ಕೆತ್ತಿಸಿದ್ದೀರಿ. ನನ್ನ ತಂಗಿಯ ಮಗಳು ಅವತ್ತು ರಕ್ಷಿಸಿದ್ದು ಯಾರನ್ನು ಎಂದು ಊರಿನವರು ಕೇಳುತ್ತಿದ್ದಾರೆ. ತಮ್ಮ ಆಂಬುಲೆನ್ಸನ್ನು ಎಂದರೆ ಯಾರೂ ನಂಬುವುದಿಲ್ಲ, ಈ ವಯಸ್ಸಿನಲ್ಲಿ ನಾನು ಸುಳ್ಳು ಕಲಿತೆ ಅನ್ನುತ್ತಾರೆ. ಆದ್ದರಿಂದ ನಾಲ್ಕು ಜನರೆದುರು ನಡೆದದ್ದನ್ನು ನಾಲ್ಕು ಜನ ಓದುವ ಹಾಗೆ ಬರೆಯುತ್ತಿದ್ದೇನೆ.

ನಮ್ಮ ಹುಡುಗಿಗೆ ಮೂವತ್ತೊಂದು ವರ್ಷ. ವಾರವೆಲ್ಲ ಶಾಲೆಯ ಮಕ್ಕಳ ವ್ಯಾನ್ ಓಡಿಸುತ್ತಾಳೆ, ಮಕ್ಕಳು ಅವಳನ್ನು ವ್ಯಾನಕ್ಕ ಅನ್ನುತ್ತವೆ. ಭಾನುವಾರ ಮಾತ್ರ ಬುದ್ಧಿಯನ್ನು ಮನೆಯಲ್ಲಿ ಬಿಟ್ಟು, ಹಳೇ ಜೀಪೊಂದನ್ನು ತಮ್ಮ ಹೊಂಡಗಳಲ್ಲಿ ಇಳಿಸಿ ಹತ್ತಿಸುತ್ತಾಳೆ. ಅವತ್ತು ತಮ್ಮ ರೇಸಿನ ಮೂರನೇ ಹೊಂಡದಲ್ಲಿ ಜೀಪು ಮಗ್ಗುಲಾಯಿತು. ತಲೆಯ ಮೇಲಿನ ಕಂಬಿಯನ್ನು ಗಟ್ಟಿಯಾಗಿ ಹಿಡಿದಿದ್ದ ಬಲಗೈಯ ಮಣಿಕಟ್ಟು ಬಿರುಕು ಬಿಟ್ಟಿತು. ಕೈಯನ್ನು ಎದೆಗೊತ್ತಿಕೊಂಡು ಅವಳು ಹೊರಗೆ ಬಂದು ನಿಂತಳು. ಕೂಡಲೇ ತಮ್ಮ ವೇದಿಕೆಯ ಪಕ್ಕದಿಂದ, ಮದುಮಗನನ್ನು ಕರೆತರಲು ಹೊರಟ ಕಾರಿನ ಹಾಗೆ ತೊಳೆದು ಒರೆಸಿದ ಆಂಬುಲೆನ್ಸು, ದೀಪ ತಿರುಗಿಸುತ್ತಾ, ಕೂಗುತ್ತಾ, ಎಂಥಾ ಠೀವಿಯಿಂದ ಹೊರಟಿತು! ಹೊರಟು, ಎರಡನೇ ಹೊಂಡದಲ್ಲಿ ಚಕ್ರ ಮುಳುಗಿಸಿಕೊಂಡು ಕೂತಿತು. ಕೂಗು ಮಾತ್ರ ನಿಲ್ಲಿಸಲಿಲ್ಲ. ಆ ಶ್ರದ್ಧೆಯನ್ನು ಮೆಚ್ಚಲೇಬೇಕು.

ಆಗ ತಮ್ಮ ಕಾರ್ಯಕರ್ತರು ಹನ್ನೆರಡು ಜನ ಸೇರಿ ಜೀಪನ್ನು ನೆಟ್ಟಗೆ ನಿಲ್ಲಿಸಿ, “ಅಕ್ಕಾ, ಹೇಗೂ ನಿಮ್ಮ ಜೀಪಿಗೆ ವಿಂಚ್ ಇದೆಯಲ್ಲ, ಆಂಬುಲೆನ್ಸನ್ನ ಒಂಚೂರು ಎಳೆದುಬಿಡಿ, ಆಮೇಲೆ ಅದು ನಿಮ್ಮನ್ನೇ ಕರ್ಕೊಂಡು ಹೋಗುತ್ತೆ” ಅಂದರಂತೆ. ವಿಂಚ್ ಎಂದರೆ ಜೀಪಿನ ಮೂತಿಗೆ ಕಟ್ಟಿದ, ತಂತಿಹಗ್ಗ ಸುತ್ತುವ ರಾಟೆ. ಅವಳ ರಾಟೆಯ ಸ್ವಿಚ್ಚು ಕೆಟ್ಟು ವರ್ಷವಾಗಿದೆ, ಹಿಡಿಯನ್ನು ಎರಡೂ ಕೈಯಲ್ಲಿ ಮೈಭಾರ ಹಾಕಿ ಒತ್ತಿ ಹಿಡಿದರಷ್ಟೇ ತಿರುಗುತ್ತದೆ, ಆ ಮರ್ಮ ಅವಳೊಬ್ಬಳಿಗೇ ಗೊತ್ತು. ಆ ಜೀಪಿನಲ್ಲೇ ಅವಳನ್ನು ಕೂರಿಸಿಕೊಂಡು ಯಾರಾದರೂ ಆಸ್ಪತ್ರೆಗೆ ಬಿಡಬಹುದಿತ್ತಲ್ಲ ಎಂದು ನಾನು ಆಮೇಲೆ ವಿಚಾರಿಸಿದರೆ, ಗಾಯಾಳು ಆಂಬುಲೆನ್ಸಿನಲ್ಲೇ ಹೋಗತಕ್ಕದ್ದು ಎಂದು ತಮ್ಮ ನಿಯಮದ ಪುಸ್ತಕದಲ್ಲಿದೆಯಂತೆ. ನಮ್ಮ ಕತ್ತೆಯೇನೂ ಕಡಿಮೆಯಲ್ಲ, ಯಾರಾದರೂ ‘ಅಕ್ಕಾ’ ಅಂದರೆ ಸಾಕು, ಕರಗಿ ನೀರಾಗುತ್ತಾಳೆ. ಹನ್ನೊಂದು ನಿಮಿಷ ಆ ಕೈಯಲ್ಲೇ ಒತ್ತಿ ಹಿಡಿದಳು. ಮೈಕಿನವನು “ಗುಂಡಿಗೆ ಅಂದ್ರೆ ಇದು!” ಎಂದು ಕಿರುಚಿದ, ಜನ ಸಿಳ್ಳೆ ಹೊಡೆದರು, ತಾವು ಎದ್ದು ನಿಂತು ಚಪ್ಪಾಳೆ ತಟ್ಟಿದಿರಿ. ತಮ್ಮ ಎರಡೂ ಕೈ ಸರಿಯಾಗಿದ್ದವು ನೋಡಿ.

ಬರೀ ಬಿರುಕಾಗಿದ್ದರೆ ಪ್ಲಾಸ್ಟರ್ ಹಾಕಿ ಆರು ವಾರ ಸುಮ್ಮನಿದ್ದರೆ ಕೂಡುತ್ತಿತ್ತು, ಒತ್ತಿದ್ದರಿಂದ ಮೂಳೆ ಜಾರಿದೆ ಎಂದರು ಡಾಕ್ಟರು. ಕುಯ್ದು, ಲೋಹದ ಪಟ್ಟಿ ಇಟ್ಟು ಏಳು ಸ್ಕ್ರೂ ಹಾಕಿದರು. ಹೆಬ್ಬೆರಳು ಮರದ ಬೆಣೆಯ ಹಾಗೆ ನಿಂತುಬಿಟ್ಟಿತು. ಅದು ಮಡಚದಿದ್ದರೆ ವ್ಯಾನಿನ ಕೀಲಿ ತಿರುಗುವುದಿಲ್ಲ, ಕೀಲಿ ತಿರುಗದಿದ್ದರೆ ಬೇಸಿಗೆ ರಜೆ ಮುಗಿದು ಶಾಲೆ ಶುರುವಾಗುವ ಹೊತ್ತಿಗೆ ವ್ಯಾನಿಗೆ ಬೇರೆಯವರು ಬರುತ್ತಾರೆ, ಅಲ್ಲಿಯವರೆಗೆ ಮಕ್ಕಳು ಆಟೋದಲ್ಲಿ ಹೋಗುತ್ತವೆ. ಶಾಲೆಯವರು ಮುಖದ ಮೇಲೆ ಹೊಡೆದ ಹಾಗೆ ಹೇಳಿ ಹೋದರು.

ಈ ನಾಲ್ಕು ತಿಂಗಳಲ್ಲಿ ತಾವು ಒಂದು ಸಲವೂ ಬಂದು ನೋಡಲಿಲ್ಲ. ರೋಗಿಗೆ ತೊಂದರೆಯಾಗಬಾರದೆಂಬ ಎಂಥಾ ಸೂಕ್ಷ್ಮ ಮನಸ್ಸು! ಬಂದಿದ್ದರೆ ಫಿಸಿಯೋ ಕೇಂದ್ರಕ್ಕೂ ಕರೆದುಕೊಂಡು ಹೋಗುತ್ತಿದ್ದೆ. ಕೈಕಾಲು ಮುರಿದವರಿಗೆಂದೇ ಕಟ್ಟಿದ ಆ ಕೇಂದ್ರ ಮೂರನೇ ಮಹಡಿಯಲ್ಲಿದೆ. ಐವತ್ತೆಂಟು ಮೆಟ್ಟಿಲು, ಸತ್ತ ಲಿಫ್ಟು, ಎಡಕ್ಕೇ ಎಳೆಯುವ ಗಾಲಿಕುರ್ಚಿ, ಆಗತಾನೇ ಒರೆಸಿದ ನೆಲ. ಮುಂದಿನ ವರ್ಷದ ಸ್ಪರ್ಧೆಯನ್ನು ಅಲ್ಲೇ ನಡೆಸಿದರೆ ಹೊಂಡ ತೋಡುವ ಶ್ರಮ ಉಳಿಯುತ್ತದೆ, ಬಿದ್ದವರೂ ಬಿದ್ದಲ್ಲೇ ಚಿಕಿತ್ಸೆ ಪಡೆಯುತ್ತಾರೆ.

ಅಲ್ಲಿ ಬಿಸಿ ಮೇಣದಲ್ಲಿ ಕೈ ಅದ್ದಿಸಿ, ಬೆರಳು ಬಗ್ಗಿಸಿ, ನೋವು ಹತ್ತಕ್ಕೆ ಎಷ್ಟು ಎಂದು ಕೇಳುತ್ತಾರೆ. ಇವಳು ಯಾವಾಗಲೂ “ಎರಡು” ಅನ್ನುತ್ತಾಳೆ. ತಮ್ಮ ಕೆಸರಿನಲ್ಲಿ ಕಲಿತ ಬುದ್ಧಿ ಅದು, ನೋವು ಅಂದರೆ ಆಟದಿಂದ ಹೊರಗೆ ಹಾಕುತ್ತೀರಲ್ಲ! ಹಣೆಯ ಬೆವರು ನೋಡಿ ನಾನು “ಎಂಟು ಬರ್ಕೊಳ್ಳಮ್ಮ” ಎಂದೆ. ಫಿಸಿಯೋ ಹುಡುಗಿ “ಅಜ್ಜಿ, ನೋವು ನಿಮಗಾ ಅವರಿಗಾ?” ಎಂದಳು. ಅಜ್ಜಿಯಂತೆ! ಆದರೂ ಎಂಟೇ ಬರೆದುಕೊಂಡಳು.

ಮನೆಯ ಪಾಠ ನನ್ನ ಅಂಗಡಿಯಲ್ಲಿ. ಹೊಲಿದಿಟ್ಟ ಅಂಗಿಗಳ ಗುಂಡಿ ಹಾಕುವುದು, ಬಿಚ್ಚುವುದು, ಬಲಗೈಯಲ್ಲೇ. ಮೊದಲ ದಿನ ಒಂದು ಗುಂಡಿಗೆ ಇಪ್ಪತ್ತು ನಿಮಿಷ ಹಿಡಿಯಿತು. ಅಂಗಿಯನ್ನು ನನ್ನ ಮುಖಕ್ಕೆ ಎಸೆದು “ನೀನೇ ಹಾಕ್ಕೋ ದೊಡ್ಡಮ್ಮ!” ಎಂದಳು. ನಾನೂ ತಿರುಗಿ ಎಸೆದೆ. ಹೀಗೆ ಎಸೆದಾಡಿಕೊಂಡೇ ಮೂರು ತಿಂಗಳಲ್ಲಿ ಒಂದು ಅಂಗಿ ಪೂರ್ತಿಯಾಯಿತು. ತಮ್ಮ ಕಪ್ಪಿನ ಹಿಡಿ ಮೂರನೇ ದಿನಕ್ಕೇ ಕಳಚಿ ಬಿದ್ದಿತ್ತು, ಅದರ ತಿರುಪು ಹಾಕಿ ತೆಗೆಯುವುದು ಬೆರಳಿಗೆ ಒಳ್ಳೆಯ ವ್ಯಾಯಾಮವೆಂದು ಫಿಸಿಯೋ ಹುಡುಗಿ ತಮಗೆ ವಂದನೆ ತಿಳಿಸಿದ್ದಾಳೆ.

ಕಳೆದ ಮಂಗಳವಾರ ನಾನು ಮಷಿನ್ ತುಳಿಯುತ್ತಿದ್ದಾಗ ಅಂಗಡಿಯ ಮುಂದೆ ನಾಲ್ಕು ತಿಂಗಳಿಂದ ನಿಂತಿದ್ದ ವ್ಯಾನ್ ಒಂದು ಸಲ ಕೆಮ್ಮಿತು, ಎರಡು ಸಲ ಕೆಮ್ಮಿತು, ಆಮೇಲೆ ಶುರುವಾಯಿತು. ತಲೆಯೆತ್ತಿದೆ. ಸೂಜಿ ಬಟ್ಟೆ ಬಿಟ್ಟು ನನ್ನ ಬೆರಳಿಗೇ ಇಳಿಯಿತು. ಅವಳು ಒಳಗೆ ಬಂದು, ಕೀಲಿ ತಿರುಗಿಸಿದ ಅದೇ ಕೈಯಲ್ಲಿ, ಕೋಳಿ ಕೆದರಿದಂಥ ಅಕ್ಷರದಲ್ಲಿ, ಮೊದಲು ಮಾಡಿದ ಕೆಲಸವೇನು ಗೊತ್ತೇ ಮಾನ್ಯರೇ? ತಮ್ಮ ಮುಂದಿನ ರೇಸಿನ ಅರ್ಜಿ ತುಂಬಿದಳು! ಬಾಯಿಗೆ ಬಂದ ಹಾಗೆ ಬೈದೆ. “ದೊಡ್ಡಮ್ಮ, ಬೆರಳಿಗೆ ಸೂಜಿ ಹೊಕ್ಕಿತಲ್ಲ, ನಾಳೆ ಮಷಿನ್ ತುಳಿಯಲ್ವಾ?” ಎಂದಳು. ಮಾರನೇ ದಿನ ಬೆರಳಿಗೆ ಬಟ್ಟೆ ಸುತ್ತಿಕೊಂಡು ತುಳಿದೆ.

ಅರ್ಜಿ ಇದರೊಂದಿಗಿದೆ. ಮನೆಯ ಹಿರಿಯರ ಸಹಿ ಎಂಬ ಜಾಗ ಖಾಲಿ ಬಿಟ್ಟಿದ್ದೇನೆ. ರೇಸಿನ ಬೆಳಿಗ್ಗೆ ಪೆನ್ನು ಹಿಡಿದುಕೊಂಡು ನಾನೇ ಬರುತ್ತೇನೆ. ತಾವು ಆಂಬುಲೆನ್ಸಿನ ಮಂಚದ ಮೇಲೆ ಅಂಗಾತ ಮಲಗಿ ಏಳೂ ಹೊಂಡ ದಾಟಿ ಈಚೆ ಬಂದರೆ ಅಲ್ಲೇ ಸಹಿ ಹಾಕುತ್ತೇನೆ. ನಡುವೆ ಹೂತುಕೊಂಡರೆ, ನಿಯಮದ ಪ್ರಕಾರ, ತಾವೇ ಇಳಿದು ಒಂದು ಕೈಯನ್ನು ಕೊರಳಿಗೆ ಕಟ್ಟಿಕೊಂಡು ಎಳೆಯತಕ್ಕದ್ದು. ಚಪ್ಪಾಳೆಯ ಹೊಣೆ ನನ್ನದು.

ಬೆರಳಿನ ಬಟ್ಟೆ ಇನ್ನೂ ಬಿಚ್ಚದ
ತಮ್ಮ ವಿಶ್ವಾಸಿ,
ವ್ಯಾನಕ್ಕನ ದೊಡ್ಡಮ್ಮ

ತಾ.ಕ.: ತಮ್ಮ ಆಂಬುಲೆನ್ಸಿನ ಮಂಚದ ಬೆಲ್ಟು ಹರಿದಿದೆಯೆಂದು ವ್ಯಾನಕ್ಕ ಹೇಳಿದಳು. ದಪ್ಪ ಕ್ಯಾನ್‌ವಾಸಿನಲ್ಲಿ ಹೊಸದು ಹೊಲಿದಿಟ್ಟಿದ್ದೇನೆ. ಪೇಪರಿನಲ್ಲಿ ಬಂದಿದ್ದ, ತಾವು ಚಪ್ಪಾಳೆ ತಟ್ಟುವ ಫೋಟೋ ನೋಡಿಯೇ ತಮ್ಮ ಅಳತೆ ಹಿಡಿದೆ: ಸೊಂಟ ನಲವತ್ನಾಲ್ಕು. ಬಿಗಿಯಾದರೆ, ನೋವು ಹತ್ತಕ್ಕೆ ಎಷ್ಟು ಎಂದು ಹೇಳಿ. ನಾನು ಎರಡು ಎಂದು ಬರೆದುಕೊಳ್ಳುತ್ತೇನೆ.