ಎತ್ತಿನ ಬಾಯಿ ನೋಡುವ ಹಂಪಣ್ಣ

ಕುಷ್ಟಗಿಯ ದನದ ಸಂತೆಯಲ್ಲಿ ಎತ್ತಿನ ತುಟಿ ಎತ್ತಿ ನೋಡಿದರೆ ಸಾಕು, ದಲ್ಲಾಳಿ ಹಂಪಣ್ಣ ಅದರ ವಯಸ್ಸು ಹೇಳಿಬಿಡುತ್ತಿದ್ದ. ತನ್ನ ಬಾಯಿಯನ್ನು ಮಾತ್ರ ಆತ ಎಂದೂ ನೋಡಿಕೊಂಡವನಲ್ಲ. ಅದು ತಂಬಾಕಿಗೆ ಮೀಸಲು. ಆ ತಂಬಾಕೂ ಈಚೆಗೆ ಅವನ ಚಂಚಿ ಚೀಲದಿಂದ ದಿನಾ ಚಿಟಿಕೆ ಚಿಟಿಕೆ ಮಾಯವಾಗುತ್ತಿತ್ತು. ಕಳ್ಳ ಪಕ್ಕದ ಮನೆಯ ಶಫೀಸಾಬನೇ ಎಂದು ಹಂಪಣ್ಣನ ಗುಮಾನಿ.

ಆ ಬೆಳಿಗ್ಗೆ ಹೆಂಡತಿ ಶಿವಲೀಲಾ ಬ್ಯಾಟರಿ ಹಿಡಿದು ಎದುರು ನಿಂತಳು.

“ಬಾಯಿ ತೆಗೀರಿ. ಬಿಳಿ ಕಲಿ, ಕೆಂಪು ಕಲಿ, ಮಾಯಲಾರದ ಹುಣ್ಣು ಅದಾವೇನು ನೋಡ್ಕೋಬೇಕಂತ. ತಂಬಾಕ ತಿನ್ನೋರಿಗೆ ಬಾಯಿ ಕ್ಯಾನ್ಸರ್ ಬರ್ತೈತಂತ ದವಾಖಾನಿ ಆಶಾ ಅಕ್ಕಾರು ಹೇಳ್ಯಾರ.”

“ನಾ ಏನ್ ಸಂತ್ಯಾಗ ಮಾರಾಟಕ್ಕ ಅದೀನೇನ?”

“ನಿಮ್ಮನ್ನ ಯಾರು ಕೊಳ್ತಾರ? ತೆಗೀರಿ.”

ಶಿವಲೀಲಾಳ ಕೈಚಳಕ ಮೆಚ್ಚಲೇಬೇಕು. ಗಲ್ಲದ ಒಳಬದಿ, ನಾಲಿಗೆಯ ಅಡಿ, ಒಸಡಿನ ಸಂದಿ, ಒಂದನ್ನೂ ಬಿಡದೆ ಸೋಸಿ ನೋಡಿದಳು. ಹಂಪಣ್ಣನ ಗೋಳು ಕೇಳಿ ಶಫೀಸಾಬ ಗೋಡೆಯ ಮೇಲಿಂದ ಇಣುಕಿದ.

“ಶಿವಲೀಲಕ್ಕಾ, ಎಷ್ಟು ಹಲ್ಲಿನ ಎತ್ತಿದು?”

ಬಾಯೊಳಗೆ ಬೆರಳಿದ್ದುದರಿಂದ ಹಂಪಣ್ಣನ ಬೈಗುಳ ಬರೀ ಗೊರಗೊರ ಆಯಿತು. ಓಣಿಯೇ ನೆರೆದು ನಕ್ಕಿತು. ಅಷ್ಟರಲ್ಲಿ ಕೆಳತುಟಿಯ ಒಳಗೆ ಬಿಳಿ ಕಲೆ ಕಂಡಿತು. ನಕ್ಕವರೇ ಕತ್ತು ಚಾಚಿ ಇಣುಕಿದರು. ಹಂಪಣ್ಣ ಹೆಂಡತಿಯ ಕೈ ಗಟ್ಟಿಯಾಗಿ ಹಿಡಿದುಕೊಂಡ.

ಗಂಡ ಹೆಂಡತಿಯನ್ನು ದವಾಖಾನೆಗೆ ಒಯ್ಯಲು ಶಫೀಸಾಬ ತನ್ನ ಆಟೊ ತೆಗೆದ. ಅಂಥ ಹೆದರಿಕೆಯಲ್ಲೂ ಹಂಪಣ್ಣ ಚಂಚಿಯನ್ನು ಅವನ ಕೈಗೆಟುಕದ ಕಿಸೆಗೆ ಸರಿಸಿಕೊಂಡ. ಶಫೀಸಾಬ ಅದನ್ನು ಕನ್ನಡಿಯಲ್ಲಿ ನೋಡಿದ.

“ಭದ್ರ ಇಟಗೋಪಾ. ಕಳ್ಳರು ಭಾಳ ಆಗ್ಯಾರ.”

ದವಾಖಾನೆಯಲ್ಲಿ ಡಾಕ್ಟರು ಪರೀಕ್ಷಿಸಿ, “ಸುಣ್ಣ ಸುಟ್ಟಂಗೈತಿ. ತಂಬಾಕ ಇವತ್ತ ಬಿಡ್ರಿ. ಎರಡು ವಾರದಾಗ ಮಾಯಲಿಲ್ಲಂದ್ರ ಮತ್ತ ಬರ್ರಿ” ಎಂದರು. ಚಂಚಿ ಕಸದ ಡಬ್ಬಿ ಸೇರಿತು.

ಹಂಪಣ್ಣನಿಗೆ ಹೋದ ಜೀವ ಬಂತು, ಜೊತೆಗೆ ಸಿಟ್ಟೂ ಬಂತು. “ಓಣಿ ಮಂದಿ ಮುಂದ ನನ್ನ ಮರ್ಯಾದಿ ಕಳದೆಲ್ಲಾ!” ಎಂದು ತಿರುಗಿದ. ಹೆಂಡತಿ ಆಗಲೇ ಅವನು ಎದ್ದ ಕುರ್ಚಿಯಲ್ಲಿ ಕೂತಿದ್ದಳು.

“ಸಾಹೇಬ್ರ, ಈಗ ನಂದು ನೋಡ್ರಿ. ಗಲ್ಲದೊಳಗ ಕೆಂಪು ಕಲಿ ಐತಿ. ಕನ್ನಡಿ ಹಿಡಿದು ನಾನ ಹುಡುಕೀನಿ. ಒಬ್ಬಾಕಿ ಬರಾಕ ಅಂಜಿಕಿ ಆತ್ರಿ.”

“ನೀ ಎಲ್ಲಿಂದ ತಂಬಾಕ ತಿಂದಿ?” ಹಂಪಣ್ಣ ಕುರ್ಚಿಯ ಹತ್ತಿರ ಬಂದ.

ಶಿವಲೀಲಾ ಕಸದ ಡಬ್ಬಿಯ ಕಡೆ ನೋಡಿದಳು. “ನಿಮ್ಮ ಚಂಚ್ಯಾಗಿಂದ.”

ಡಾಕ್ಟರು ಬಹಳ ಹೊತ್ತು ನೋಡಿದರು. “ಚೂರು ತಗದು ಪರೀಕ್ಷಾಕ್ಕ ಕಳಸೋಣ. ಏನಿದ್ರೂ ಛಲೋ ವ್ಯಾಳ್ಯಾಕ್ಕ ಬಂದೀರಿ ತಾಯಿ. ಭಾಳ ಶಾಣ್ಯಾರದೀರಿ.”

ಸಂತೆಯ ಎತ್ತುಗಳ ಬಾಯೆಲ್ಲ ನೋಡಿದ ಹಂಪಣ್ಣ ಹೆಂಡತಿಯ ಬಾಯೊಳಗೆ ಮೊದಲ ಸಲ ಇಣುಕಿದ. ಅವಳ ಧೈರ್ಯಕ್ಕೆ ಅವನ ಕಣ್ಣು ತುಂಬಿದವು.

“ಹಂಪಣ್ಣಾ,” ಬಾಗಿಲಲ್ಲಿ ಎಲ್ಲ ಕೇಳಿಸಿಕೊಂಡ ಶಫೀಸಾಬ ಮೆಲ್ಲಗೆ ಕೇಳಿದ, “ಕಳ್ಳ ಸಿಕ್ಕನೇನು?”

ಉತ್ತರ ಕೊಡದೆ ಬಾಯಿ ತುಂಬಿಕೊಳ್ಳೋಣವೆಂದರೆ ಹಂಪಣ್ಣನ ಬಳಿ ಈಗ ಚಿಟಿಕೆ ತಂಬಾಕೂ ಇರಲಿಲ್ಲ.